ದೋಷ ಸಂಖ್ಯೆ ಹದಿನೇಳು

ಬ್ಯಾಡಗಿಯ ಕಾಗಿನೆಲೆ ರಸ್ತೆಯ ಹಳೇ ಕೋಲ್ಡ್ ಸ್ಟೋರೇಜಿನಲ್ಲಿ
ಈಗ ತಂಪೂ ಇಲ್ಲ, ಚೀಲವೂ ಇಲ್ಲ.
ಎಮ್ಮೆಯಷ್ಟು ಎತ್ತರದ ಒಂದು ಪೆಟ್ಟಿಗೆ
ಈ ಕಡೆ ಜೋಳದ ದಂಟು, ಬೂದಿ, ನೀರು ತಿಂದು
ಆ ಕಡೆ ಮೆಣಸಿನಕಾಯಿ ಹಡೆಯುತ್ತದೆ.
ಪರಮಾಣು ಒಂದೊಂದೇ ಎತ್ತಿ
ಅದರದರ ಮಣೆಯ ಮೇಲೆ ಕೂರಿಸುತ್ತದಂತೆ,
ಒಂದೂ ಆಚೀಚೆ ಸರಿಯುವಂತಿಲ್ಲ.
ನಾನು ಅದನ್ನು ಕಾಯುವವಳು. ರಾತ್ರಿ ಪಾಳಿ.

ಅದೇ ಡಬ್ಬಿ ಕಾಯಿ. ಅದೇ ಕೆಂಪು, ಅದೇ ಸುಕ್ಕು.
ಒಂದು ಕಂಡರೆ ಎಲ್ಲ ಕಂಡಂತೆ
ಎಂದು ಮೊದಮೊದಲು ಅಂದುಕೊಂಡಿದ್ದೆ.
ಹಾಗಲ್ಲ,
ಎಲ್ಲ ಕಂಡರೂ ಒಂದೇ ಕಂಡಂತೆ.

ತೊಟ್ಟಿನಿಂದ ಒಂದು ಬೆರಳು ಕೆಳಗೆ
ಪ್ರತಿ ಕಾಯಿಗೂ ಒಂದು ಗೀರು,
ಬಿದಿಗೆ ಚಂದ್ರನ ಹಾಗೆ, ನಡುವೆ ತುಸು ಮುರಿದದ್ದು.
ಮೂಲಕಾಯಿಯನ್ನು ಓದಿಕೊಳ್ಳುವಾಗ
ಧೂಳು ತೆಗೆದರು, ಗೋಣಿಯ ಎಳೆ ತೆಗೆದರು,
ದೋಷ ಸಂಖ್ಯೆ ಎಂಟು, ಯಾರದೋ ಬೆವರಿನ ಉಪ್ಪು,
ಅದನ್ನೂ ತೆಗೆದರು.
ಹದಿನೇಳಕ್ಕೆ ಬರುವಷ್ಟರಲ್ಲಿ ದುಡ್ಡು ಮುಗಿದಿತ್ತು.
ತಿದ್ದಿದರೆ ಮತ್ತೆ ಪರೀಕ್ಷೆ, ಮತ್ತೆ ಮುದ್ರೆ, ಹನ್ನೊಂದು ತಿಂಗಳು.
ಇರಲಿ ಬಿಡಿ, ತಿನ್ನುವವರು ಗೀರು ನೋಡುತ್ತಾರೇನು, ಅಂದರು.

ನಮ್ಮ ಫಕ್ಕೀರವ್ವಜ್ಜಿ ನೋಡಿದಳು.
ಬಾಗಿಲಿಗೆ ಸಿಕ್ಕು ಸೀಳಿದ ಬಲಗೈ ಹೆಬ್ಬೆರಳನ್ನು
ಮೆಲ್ಲಗೆ ಗೀರಿನೊಳಗೆ ಇಟ್ಟಳು,
ಕೀಲಿ ಹಾಕಿದಂತೆ ಕೂತಿತು.
‘ನಂದಲ್ಲೇನ ಇದು!’

ಮೂವತ್ತೆರಡು ವರ್ಷ ತೊಟ್ಟು ಬಿಡಿಸಿದ ಕೈ.
ಮೂಗಿಗೆ ಸೆರಗು ಕಟ್ಟಿ, ಕೆಮ್ಮಿ, ಸೀನಿ,
ಬೈಗಿಗೆ ಬೆಣ್ಣೆ ಸವರಿ, ಬೆಲ್ಲದ ನೀರಲ್ಲಿ ಅದ್ದಿ,
ಆದರೂ ಕೂಸಿನ ಕೆನ್ನೆ ಮುಟ್ಟಲಾಗದ ಕೈ.
ನನ್ನ ಅವ್ವನನ್ನು ಮೊಣಕೈಯಲ್ಲೇ ಎತ್ತಿ ಸಾಕಿದಳಂತೆ.
ಅಂಗಳದಲ್ಲಿ ಈಗ ಹುಡುಗರು ಕ್ರಿಕೆಟ್ಟಾಡುತ್ತಾರೆ,
ಒಬ್ಬನೂ ಸೀನುವುದಿಲ್ಲ.
ನಾನು ಒಂದೆರಡು ಸಲ ಅಯ್ಯೋ ಎಂದಾಗ ಗದರಿದಳು:
‘ಉರಿ ಹೋತು, ಹೋಗಲಿ.
ಉರಿ ಚಂದ ಇತ್ತು ಅಂತ ಯಾರರ ಅಳತಾರೇನ?’

ಆದರೆ ಹಿತ್ತಿಲಲ್ಲಿ ಬೀಜ ಊರಿದಳು. ಹುಟ್ಟಲಿಲ್ಲ.
ಮತ್ತೆ ಊರಿದಳು.
ಬೀಜದೊಳಗೆಲ್ಲೋ ನಾಲ್ಕಾರು ಪರಮಾಣು
ಬೇಕಂತಲೇ ತಪ್ಪಿಸಿಟ್ಟಿದ್ದಾರೆ;
ಆ ದೋಷಕ್ಕೆ ಸಂಖ್ಯೆ ಇಲ್ಲ.

ಒಂದಿನ ಇಳಕಲ್ ಸೀರೆ ಉಟ್ಟು ದಫ್ತರಕ್ಕೇ ಹೋದಳು:
‘ನನ್ನ ಉಗುರಿಗೆ ಬಾಡಿಗಿ ಎಷ್ಟ ಕೊಡ್ತೀರಿ?’
ಹುಡುಗ ಒಳ್ಳೆಯವನು, ಕುರ್ಚಿ ಹಾಕಿದ, ಚಹಾ ತರಿಸಿದ.
‘ಅಜ್ಜಿ, ನಿಮ್ಮ ಉಗುರು ನಿಮ್ಮ ಹತ್ರಾನೇ ಐತಲ್ರೀ?’
ಅವಳು ಉಗುರು ನೋಡಿಕೊಂಡಳು.
ಚಹಾ ಕುಡಿದು ಎದ್ದು ಬಂದಳು.

ಯಾಕೆ ಒತ್ತಿದ್ದೆ ಅವತ್ತು, ಕೇಳಿದೆ.
ಒಣಗಿದೆಯೋ ಇಲ್ಲವೋ ನೋಡಲಿಕ್ಕಾ?
‘ಒಣಗಿದ್ದು ನನಗ ಸಪ್ಪಳದಾಗ ತಿಳೀತಿತ್ತು.
ಅವತ್ತ ಕಿಲೋಕ್ಕ ಒಂದ್ ರೂಪಾಯಿ ಕಡಿಮಿ ಮಾಡಿದ್ರು.
ಸಾಹುಕಾರ ಎದುರಿಗೇ ನಿಂತಿದ್ದ.
ಕೈಯಾಗ ಕಾಯಿ ಇತ್ತು.’

ರಾತ್ರಿ ಮೂರಕ್ಕೆ ಪೆಟ್ಟಿಗೆ ಗುನುಗುತ್ತದೆ.
ನಿಮಿಷಕ್ಕೆ ಒಂಬೈನೂರು ಕಾಯಿ, ಒಂಬೈನೂರು ಸಿಟ್ಟು,
ಒಂದೇ ಆಳ, ಒಂದೇ ಓರೆ.
ಮಸ್ಕತ್ತಿನಲ್ಲಿ, ಮೊಂಬಾಸಾದಲ್ಲಿ, ಶಿಗ್ಗಾಂವಿಯ ಖಾನಾವಳಿಯಲ್ಲಿ
ಯಾರೋ ಎಣ್ಣೆಗೆ ಹಾಕುತ್ತಿರಬೇಕು, ಚಟ್ ಎನ್ನುತ್ತಿರಬೇಕು.
ನಾನೂ ಹೆಬ್ಬೆರಳು ಇಟ್ಟು ನೋಡಿದ್ದೇನೆ.
ಕೂರುವುದಿಲ್ಲ. ನನ್ನ ಉಗುರು ಅಗಲ.

ಬೆಳಿಗ್ಗೆ ಒಂದು ಹಿಡಿ ಉಡಿಯಲ್ಲಿ ಕಟ್ಟಿ ತರುತ್ತೇನೆ.
ಅಜ್ಜಿ ಹಂಚಿನ ಮೇಲೆ ಹುರಿದು
ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ
ರೊಟ್ಟಿ ಅಂಚಿಗೆ ಸವರಿ ಬಾಯಿಗಿಟ್ಟು
ಎಷ್ಟೋ ಹೊತ್ತು ಅಗಿಯುತ್ತಾಳೆ.

‘ಎಲ್ಲಾ ಬರೋಬರಿ ಐತಿ,’ ಅನ್ನುತ್ತಾಳೆ.
‘ಉಪ್ಪ ಒಂಚೂರು ಕಡಿಮಿ.’