ಕಡಲಿಕಾಳಿನಷ್ಟು

ಶಾವಂತ್ರೆವ್ವ ಡಬ್ಬಿ ತಂದಾಳ.
ನಾಕು ಅಂತಸ್ತಿನ ಸ್ಟೀಲಿನ ಟಿಫಿನ್ನು,
ಖಾನಾವಳಿ ಹೆಸರು ಮುಚ್ಚಳದ ಮ್ಯಾಲೆ ಕೊರದದ್ದು.
ಮ್ಯಾಲಿನ ಮೂರೂ ಖಾಲಿ.
ಕೆಳಗಿಂದರಾಗ ವಿಜಾಪುರದ ಬಿಸಲಿಗೆ ಅರ್ಧ ಕರಗಿದ ಬರಫು,
ಬರಫಿನ ನಡುವ ನಾನಽ ಕೊಟ್ಟ ಪ್ಲಾಸ್ಟಿಕ್ ಡಬ್ಬಿ.

"ಜೈತುನ್, ಯಾರೂ ನೋಡಿಲ್ಲಲ್ಲ?"
ನೋಡಿದ್ರೂ ಊಟ ಅಂತ ತಿಳೀತಾರ, ಯವ್ವಾ.
ಅಂದ ಮ್ಯಾಲೆ ನಾಲಿಗಿ ಕಚಗೊಂಡೆ.
"ಊಟಾನಽ ಮತ್ತ ಇದು. ಮೊನ್ನಿದು," ಅಂತ ನಕ್ಕಳು.
ಆರು ತಿಂಗಳದಾಗ ಹದಿನಾಕು ಕಿಲೊ ಇಳದಾಕಿ.
ನಕ್ಕಾಗ ಬಳಿ ಮೊಣಕೈ ತನಕಾ ಜಾರಿದವು.

ಮೂವತ್ತು ವರ್ಷ ಸ್ಟೇಶನ್ ರೋಡಿನ್ಯಾಗ
ಮಂದಿ ಹೊಟ್ಟಿಗೆ ಹಾಕ್ಯಾಳ:
ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ,
ಕೇಳದಿದ್ದರೂ ಮ್ಯಾಲೊಂದು ಚಮಚೆ ಕೆನಿಮೊಸರು.
ಲಾರಿಯವರು, ಒಣದ್ರಾಕ್ಷಿ ದಲಾಲರು,
ಪರೀಕ್ಷಾ ಬರಿಯಾಕ ಬಂದ ಹಳ್ಳಿ ಹುಡುಗೂರು.
ಈಗ ತಾ ಉಂಡದ್ದು ತನಗಽ ಸಿಗವಲ್ದು.
ಎಣ್ಣಿ ಎಣ್ಣಿಯಾಗೇ ಬರತದ,
ಪಾಯಖಾನಿ ನೀರಿನ ಮ್ಯಾಲೆ
ಒಗ್ಗರಣಿ ಹಾಕಿದಂಗ ತೇಲತದ,
ಒಂದು ಕೊಡ ಸುರುವಿದರೂ ಹೋಗೂದಿಲ್ಲ.

ಕಡಲಿಕಾಳಿನಷ್ಟು ಸಾಕು ನನಗ.
ಹೊಟ್ಟಿ ಹಿಂದ, ಬೆನ್ನಿಗೆ ಆತುಗೊಂಡು
ಒಂದು ಅಂಗ ಕುಂತದ,
ಮೇದೋಜೀರಕ ಅಂತ ಪುಸ್ತಕದಾಗ.
ಯಾರೂ ಅದರ ಹೆಸರು ಹಿಡದು ಕರಿಯೂದಿಲ್ಲ.
ಎದಿ ಒಡೀತು ಅಂತಾರ, ಕರಳು ಚುರ್ ಅಂತು ಅಂತಾರ,
ಇದರ ಹೆಸರಿಲೆ ಒಂದು ಬೈಗಳಾನೂ ಇಲ್ಲ.
ಅದು ಕಳಿಸಿದ ರಸ ಬ್ಯಾರೆ ಬ್ಯಾರೆವು
ದಾರ್ಯಾಗ ಒಡದು ಹೋಗತಾವ.
ಎಲಾಸ್ಟೇಸ್ ಅಂಬೂದೊಂದಽ
ಅಷ್ಟೂ ಸಂದಿಗೊಂದಿ ದಾಟಿ
ಹ್ವಾದಂಗಽ ಹೊರಗ ಬರತದ.
ಬಂದದ್ದು ಎಷ್ಟು ಅಂತ ಎಣಸೂದು ನನ್ನ ಪಗಾರ.
ಇನ್ನೂರರ ಮ್ಯಾಲಿದ್ರ ಮನಿಗೆ ಹೋಗ್ರಿ ಅಂತೀವಿ.

ಮಷೀನು ಮೂವತ್ತೊಂದು ಅಂತು.
ಉಳದದ್ದು ಕದಡಿ ಮತ್ತೊಮ್ಮೆ ಹಚ್ಚಿದೆ.
ಇಪ್ಪತ್ತೊಂಬತ್ತು.

ನಾಕು ದಿನಾ ಬಿಟ್ಟು ಸಂಜಿಮುಂದ ಬಂದಳು,
ಮುಚ್ಚಳ ತಗೀಲಾರದ ಬಾಟಲಿ ಟೇಬಲ್ ಮ್ಯಾಲಿಟ್ಟಳು.
"ಊಟದ ಮೊದಲ ತುತ್ತಿನ ಜೋಡಿ ಅಂದಾರ. ಇದರಾಗ ಏನದ?"
ಡಾಕ್ಟರಿಗೆ ಕೇಳಬೇಕಿಲ್ಲೇನು?
"ಅವರು ಇಂಗ್ಲೀಷಿನ್ಯಾಗ ಹೇಳಿದರು. ನೀ ಹೇಳು."
ಸುಳ್ಳು ನಾಲಿಗಿ ತುದಿಗೆ ಬಂದು ಕುಂತಿತ್ತು.
ನಿನ್ನೊಳಗ ಆಗದ ರಸಾನಽ ಯವ್ವಾ. ಹಂದೀದು.

ಸೆಂಟ್ರಿಫ್ಯೂಜ್ ತಿರುಗಿ ನಿಲ್ಲೂ ತನಕಾ ಸುಮ್ಮನಿದ್ದಳು.
ಸೆರಗಿನೊಳಗ ಕೈ ಹಾಕಿ
ಕೊರಳಿನ ಕರಡಿಗಿ ಮುಟ್ಟಿಕೊಂಡಳು.
"ನಿನಗ ಬರದು ಕೊಟ್ಟಿದ್ರ ನೀ ತಗೋತಿದ್ದೇನು?"
ಜೀವಕ್ಕ ಬಂದ್ರ ನಡೀತದ ಅಂತಾರ ನಮ್ಮ ಮೌಲಾನಾ.
ನನ್ನ ಜೀವಕ್ಕ ಇನ್ನೂ ಬಂದಿಲ್ಲ,
ಅದಕ್ಕ ಗೊತ್ತಿಲ್ಲ.

"ಖಾನಾವಳಿ ಹಿಂದಿನ ಗಟಾರದಾಗ ನಾಕೈದು ಅದಾವ,"
ಅಂದಳು, ನನಗಲ್ಲ, ಬಾಟಲಿಗೆ.
"ಎಂಜಲ ಚೆಲ್ಲೂ ಹೊತ್ತಿಗೆ ಸರಿಯಾಗಿ ಬರತಾವ.
ಮೂವತ್ತು ವರ್ಷ ಕಲ್ಲು ಒಗದೀನಿ."

ಬಾಟಲಿ ಒಯ್ದಳು. ತಗೊಂಡಳೋ ಇಲ್ಲೋ
ಕೇಳಾಕ ಆಗಲಿಲ್ಲ. ರಿಪೋರ್ಟು ಮುಟ್ಟಿಸಿದ ಮ್ಯಾಲೆ
ನಮ್ಮ ಕೆಲಸ ಮುಗೀತದ.

ಮುಂದಿನ ತಿಂಗಳು, ಮಧ್ಯಾಹ್ನ ಮೂರೂವರಿ.
ಗಿರಾಕಿ ಎಲ್ಲಾ ಎದ್ದು ಹ್ವಾದ ಮ್ಯಾಲೆ
ತನ್ನ ತಾಟು ತಗೊಂಡು ಕುಂತಾಳ.
ಬಾಟಲಿ ಎಲ್ಲೂ ಕಾಣವಲ್ದು.
ಕೈ ಸೀದಾ ಅರಿಷಿಣ ಡಬ್ಬಿಗೆ ಹೋತು,
ಹೋಗಿ ಅಲ್ಲೇ ನಿಂತಿತು.
"ಅತ್ಲಾಗ ಹೊಳ್ಳು."
ನಾ ಗ್ವಾಡಿ ಕಡೆ ಹೊಳ್ಳಿದೆ.
ಗ್ವಾಡಿ ಮ್ಯಾಲೆ ಹೋದ ವರ್ಷದ ಕ್ಯಾಲೆಂಡರು,
ಹಾಲಿನ ಲೆಕ್ಕ ಬರದದ್ದು.
ಬೆನ್ನ ಹಿಂದ ಡಬ್ಬಿ ಸಪ್ಪಳ, ಲೋಟದ ಸಪ್ಪಳ,
ಆಮ್ಯಾಲೆ ಕಟಕ್ ಅಂತ
ಕಟಿರೊಟ್ಟಿ ಮುರಿದದ್ದು.

"ಈಗ ಇತ್ಲಾಗ ಬಾ. ನೀನೂ ಉಣ್ಣು," ಅಂದಳು,
"ಎಣ್ಣಿಗೆ ಇವತ್ತ ಕೈ ಹಿಡದಿಲ್ಲ."