ಒಲೆಯಡಿಯ ದಾಳ

ಒರೂರೋದ ಚಳಿ ಬಾಗಿಲು ತಟ್ಟುವುದಿಲ್ಲ,
ಸಂದಿಯಿಂದಲೇ ಒಳಗೆ ಬಂದು ಕಾಲು ಹಿಡಿಯುತ್ತದೆ.
ಅಮ್ಮನ ಅಂಗಡಿಯಲ್ಲಿ ನೇರಳೆ ಜೋಳದ ಆಪಿ
ಕುದಿದು ಕುದಿದು ತಳ ಹಿಡಿಯುವ ಹೊತ್ತಿಗೆ
ಗಣಿಯ ಎರಡನೇ ಪಾಳಿಯವರು ಬರುತ್ತಾರೆ,
ತೊಗಲಿನ ಲೋಟದಲ್ಲಿ ಐದು ದಾಳ
ಕಟಕಟ ಕುಲುಕಿ ಮೇಜಿಗೆ ಚೆಲ್ಲಿ
ಗೆದ್ದರೂ ಬೈಗುಳ, ಸೋತರೂ ಬೈಗುಳ.

ಅಂಕ ಬರೆಯುವುದು ನನ್ನ ಕೆಲಸ.
ಸಂಜೆ ಕಾಲೇಜಿನ ನೋಟುಬುಕ್ಕಿನ ಕೊನೆಯ ಹಾಳೆ,
ಇತ್ತ ಅವರ ಆಟ, ಅತ್ತ ನನ್ನ ಪಾಠ:
ಆರನ್ನು ಆರರಿಂದ, ಮತ್ತೆ ಆರರಿಂದ,
ಐದು ಆರುಗಳನ್ನು ಗುಣಿಸಿದರೆ
ಏಳು ಸಾವಿರದ ಏಳುನೂರ ಎಪ್ಪತ್ತಾರು.
ಇಷ್ಟು ಬಗೆಯಲ್ಲಿ ಬೀಳಬಹುದು ಒಂದು ಗರ.
ಅದರಲ್ಲಿ ಮೂರು ಸಾವಿರದ ನೂರ ಇಪ್ಪತ್ತೈದರಲ್ಲಿ
ಮದ್ದಿಗೂ ಒಂದು ಆರಿಲ್ಲ.
ಇಲಾರಿಯೊ ಆ ಮೂರು ಸಾವಿರದಲ್ಲೇ ಮನೆ ಮಾಡಿದ್ದಾನೆ.

ಐದೂ ಒಂದೇ ಆಗಿ ಬೀಳುವುದು ಬರೀ ಆರು ಬಗೆ.
ಅದಕ್ಕೆ ಇಲ್ಲಿ ದೊರ್ಮಿದಾ ಅನ್ನುತ್ತಾರೆ, ಮಲಗಿದ್ದು ಅಂತ.
ಒಂದೇ ಎಸೆತಕ್ಕೆ ಅದು ಬಿತ್ತೋ, ಆಟವೇ ಮಲಗಿತು,
ಲೆಕ್ಕ ಅಳಿಸಿ ಗೆದ್ದವನು ಎದ್ದ.

ಸತುರ್ನಿನೊ ಒಂದು ಸಲ ಕೇಳಿದ್ದ,
ಮೂವತ್ತೊಂದು ವರ್ಷ ತವರ ಅಗೆದವನು,
ಮಾತಿಗಿಂತ ಮುಂಚೆ ಕೆಮ್ಮು ಬರುವವನು:
ಓದಿದವಳು ನೀನು, ಹೇಳು, ನನಗೆ ಯಾವಾಗ?
ಸಾವಿರದ ಇನ್ನೂರ ತೊಂಬತ್ತಾರಕ್ಕೆ ಒಂದು, ಅಂದೆ.
ಹಾಗಾದರೆ ಅಷ್ಟು ಸಲ ಎಸೆದರಾಯಿತಲ್ಲ.
ಇಲ್ಲ ತಾತ, ಅಷ್ಟೂ ಎಸೆದ ನೂರು ಜನರಲ್ಲಿ
ಮೂವತ್ತೇಳು ಜನ ಬರಿಗೈ.
ಎಷ್ಟು ಕಾದಿರಿ ಅಂತ ದಾಳಕ್ಕೆ ನೆನಪಿರುವುದಿಲ್ಲ.
ಬಹಳ ಹೊತ್ತು ಗಲ್ಲ ತುರಿಸಿಕೊಂಡು ಅಂದ:
ನಮ್ಮ ಕಂಪನಿ ಥರ.

ಜುಲೈ ತಿಂಗಳ ಒಂದು ಮಂಗಳವಾರ
ಅವನ ಸರದಿ. ಕುಲುಕಿದ, ಚೆಲ್ಲಿದ.
ಐದು. ಐದು.
ಐದು,
ಮತ್ತೆ ಐದು.
ಉಳಿದದ್ದೊಂದು ಮೇಜಿನ ಅಂಚಿಗೆ ಓಡಿ
ತುಸು ತಡೆದು, ಹಾರಿ, ನೆಲದಲ್ಲುರುಳಿ
ಒಲೆಯಡಿಗೆ.

ಕೆಳಗೆ ಬಿದ್ದ ಗರ ಗರವಲ್ಲ, ಅದು ನಿಯಮ.
ಆದರೂ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.
ಇಲಾರಿಯೊ ಮಂಡಿಯೂರಿ ಕೈ ಚಾಚಿದ.
ಬೇಡ, ಅಂದ ಸತುರ್ನಿನೊ,
ನನ್ನ ಕಡೆ ತಿರುಗಿ: ಈಗೆಷ್ಟು?
ಆರಕ್ಕೊಂದು.
ಸಾವಿರ ಚಿಲ್ಲರೆಯಿಂದ ಆರಕ್ಕೆ ಇಳಿದೆನಾ!
ನಕ್ಕ, ಕೆಮ್ಮಿದ, ಮತ್ತೆ ನಕ್ಕ.
ಇಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ,
ಇದನ್ನು ಹೀಗೇ ಇರಗೊಡು.

ನಾನು ಹೇಳಬಹುದಿತ್ತು,
ದಾಳ ಬಿದ್ದಾಗಿದೆ ತಾತ, ಅಲ್ಲಿ ಕತ್ತಲಲ್ಲಿ
ಒಂದೇ ಮುಖ ಮೇಲೆ ಮಾಡಿ ಮಲಗಿದೆ,
ಅದಕ್ಕೆ ಆರಕ್ಕೊಂದು ಗೊತ್ತಿಲ್ಲ.
ಆ ಆರಕ್ಕೊಂದು ಇರುವುದು
ಬಗ್ಗಿ ನೋಡದ ನಮ್ಮ ಐದು ಜನರ ಬೆನ್ನಿನಲ್ಲಿ.
ಹೇಳಲಿಲ್ಲ. ಆಪಿ ಬಗ್ಗಿಸಿ ಕೊಟ್ಟೆ.
ಅವನ ಹೆಸರಿನ ಮುಂದೆ ಏನು ಬರೆಯಬೇಕೋ ತಿಳಿಯದೆ
ಒಂದು ಚುಕ್ಕಿ ಇಟ್ಟೆ.

ಮರುದಿನ ಸಂತೆಯಿಂದ ಹೊಸ ದಾಳ ಬಂತು,
ಉಳಿದ ನಾಲ್ಕಕ್ಕಿಂತ ಬೆಳ್ಳಗೆ.

ಮೊನ್ನೆ ಅಮ್ಮನನ್ನು ಕೇಳಿದೆ, ಒಲೆಯಡಿ ಗುಡಿಸುವಾಗ
ನೋಡಿದೆಯಾ, ಎಷ್ಟು ಬಿದ್ದಿತ್ತು?
ಯಾವ ದಾಳ? ಆ ರಾತ್ರಿಯೇ ಗುಡಿಸಿ
ಬೂದಿ ಜೊತೆ ಹಿತ್ತಿಲಿಗೆ ಸುರಿದೆ.
ಬೂದಿಯಲ್ಲಿ ಯಾವುದು ದಾಳ, ಯಾವುದು ಕೆಂಡ,
ಯಾರು ನೋಡುತ್ತಾ ಕೂರುತ್ತಾರೆ?

ಸತುರ್ನಿನೊ ಈಗಲೂ ಬರುತ್ತಾನೆ,
ಗುರುವಾರ, ಕೆಲವೊಮ್ಮೆ ಶನಿವಾರ.
ಕೂರುವ ಮೊದಲು ಒಲೆಯ ಕಡೆ ಟೋಪಿ ಎತ್ತುತ್ತಾನೆ.
ನಾನು ಹಾಳೆ ತಿರುವುತ್ತೇನೆ.