ಕುಣಿ

ಗದಗ ಬಂತೆಂದರೆ ಒದರುವುದು ನನ್ನ ಕೆಲಸ:
‘ಹೋಮ್ ಸಿಗ್ನಲ್, ಗ್ರೀನ್!’
ಸುಬ್ಬರಾಯುಡು ಸರ್ ಅದನ್ನೇ ತಿರುಗಿ ಒದರುತ್ತಾರೆ.
ನಿಯಮ ಅದು. ಒಬ್ಬರ ಕಣ್ಣಿಗೆ ಬಿದ್ದರೆ ಸಾಲದು.
ಹಿಂದೆ ಐವತ್ತೆಂಟು ಡಬ್ಬಿ ಅದಿರು.
ಹನ್ನೊಂದು ತಿಂಗಳಿಂದ ಹೀಗೆಯೇ,
ನನ್ನೂರನ್ನು ಒಂದು ಬಣ್ಣದಲ್ಲಷ್ಟೇ ನೋಡಿದ್ದೇನೆ,
ರಾತ್ರಿ ಎರಡಕ್ಕೆ, ಮೂರಕ್ಕೆ.
ಬೆಟಗೇರಿ ಕಡೆಯ ದೀಪ ಎಣಿಸುವಷ್ಟರಲ್ಲಿ
ಹುಲಕೋಟಿ ಬಂದಿರುತ್ತದೆ.

ನಿನ್ನೆ ರಾತ್ರಿ ಮುಂದಿನ ಹಳಿ ಖಾಲಿ ಇರಲಿಲ್ಲ.
ಗಾಡಿಯನ್ನು ಯಾರ್ಡಿಗೆ ಸರಿಸಿ
ನಮಗೆ ಎಂಟು ತಾಸು ವಿಶ್ರಾಂತಿ ಬರೆದರು.
ರನ್ನಿಂಗ್ ರೂಮಿನ ಪುಸ್ತಕದಲ್ಲಿ ಸಹಿ,
ಹಾಸಿಗೆ ನಂಬರ್ ಹದಿನಾಲ್ಕು.
ಹುಟ್ಟಿದ ಊರಿನಲ್ಲಿ ಮಲಗಲಿಕ್ಕೆ
ಸರಕಾರದ ಚಾದರ, ಸರಕಾರದ ಸೊಳ್ಳೆಪರದೆ.
ಅಡಿಗೆಯವ ಕೇಳಿದ, ‘ಮೇಡಮ್, ಊರು ಹೊಸದೇನ್ರಿ?
ಬೋರಿನ ನೀರು ಸವಳ ಅದಾವ, ಬಾಟ್ಲಿ ತರಸ್ಲ್ಯಾ?’
ಹೂಂ ಅಂದೆ.
ಯಾಕೆ ಹಾಗಂದೆನೋ.

ನಿದ್ದೆ ಬರಲಿಲ್ಲ. ಆರೂವರೆಗೆ ಟಂಟಂ ಹತ್ತಿದೆ.

ಓಣಿಯ ಬಾಯಲ್ಲೇ ತಿಳಿಯಿತು, ನಳ ಬಂದಿದೆ.
ಹದಿನಾಲ್ಕು ದಿನ ಒಣಗಿದ ಕೊಡಗಳೆಲ್ಲ
ಒಮ್ಮೆಲೇ ಬಾಯಿ ಬಿಟ್ಟ ಸದ್ದು.
ಮೊದಲು ಈ ಹೊತ್ತಿಗೆ ಮಗ್ಗಗಳಿದ್ದವು.
ಖಟ್ ಖಟ್ಟಿನ ನಡುವೆ ಒಂದು ತಪ್ಪಿದರೂ
ಯಾರ ಮನೆಯಲ್ಲಿ ಎಳೆ ಹರಿಯಿತೆಂದು ಓಣಿಗೆ ಗೊತ್ತು.
ಈಗ ಮೋಟರಿನ ಗೊರಕೆ, ಪೈಪಿನ ಉಬ್ಬಸ, ಬೈಗಳು.

ನಾವಿದ್ದ ಬಾಡಿಗೆ ಮನೆಯ ಮುಂದೆ ನಿಂತೆ.
ಬಾಗಿಲು ಅದೇ. ಬಣ್ಣ ಬೇರೆ.
ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ:
ಹುಟ್ಟಿದ್ದು ಇಲ್ಲೇ ರೀ, ನನಗೆ ಹನ್ನೆರಡಾದಾಗ
ಇಚಲಕರಂಜಿಗೆ ಹೋದೆವು, ಅಪ್ಪನಿಗೆ ಅಲ್ಲಿ...
ಒಳಗಿನಿಂದ ಬಂದಾಕೆ ಏನೂ ಕೇಳಲಿಲ್ಲ.
‘ಸುಮ್ನ ನಿಂತೀಯಲ್ಲವಾ, ಹಿಡಿ ಇದನ್ನ!
ನೀರ ಹೋದರ ಮತ್ತ ಹದಿನೈದ ದಿನ!’
ತುಂಬಿದ ಕೊಡ ನನ್ನ ಟೊಂಕಕ್ಕೆ ಬಂತು.

ಟೊಂಕ ಮರೆತಿರಲಿಲ್ಲ.

ಪಡಸಾಲೆ ದಾಟಿದರೆ ಕತ್ತಲು, ಎಡಕ್ಕೆ ಎರಡು ಹೆಜ್ಜೆ,
ಕಾಲು ತಾನಾಗಿ ನಿಂತಿತು.
ಅಪ್ಪ ಕಾಲು ಇಳಿಬಿಟ್ಟು ಕೂಡುತ್ತಿದ್ದ ಕುಣಿ.
ಕಂಡಿಕೆ ಸುತ್ತುತ್ತ ಕೂತ ನನಗೆ
ಅವನ ಹಿಮ್ಮಡಿಯ ಬಿರುಕಷ್ಟೇ ಕಾಣುತ್ತಿದ್ದ ಕುಣಿ.
ಒಂದು ಲಾಳಿ, ಎರಡು ಗೋಲಿ,
ನನ್ನ ಮೊದಲ ಹಲ್ಲು ಬಿದ್ದು ಸಿಗದೇ ಹೋದ ಕುಣಿ.
ಸಿಮೆಂಟ್ ಬಳಿದು ಟಾಕಿ ಮಾಡಿದ್ದಾರೆ.
ಅರ್ಧ ತುಂಬಿತ್ತು.
‘ಸುರುವು, ಸುರುವು,’ ಹಿಂದಿನಿಂದ ದನಿ.
ಸುರುವಿದೆ.

ಎಣಿಸುವುದು ನನ್ನ ನೌಕರಿಯ ಚಟ.
ಇಪ್ಪತ್ತೇಳನೇ ಕೊಡಕ್ಕೆ ನಳ ಕೆಮ್ಮಿ ನಿಂತಿತು.
ಆಗ ನೋಡಿದಳು ರಮಿಜಾ ನನ್ನ ಮುಖ:
‘ಯಾರ ಮನಿಯಾಕಿ ನೀ?’
ನಾಲಿಗೆ ತುದಿಗೆ ಬಂದದ್ದು ಬೇರೆ.
‘ರೈಲ್ವೆದಾಕಿ,’ ಅಂದೆ.
‘ಹಂಗಾರ ಚಾ ಕುಡದ ಹೋಗು.’
ಕಟ್ಟೆಯ ಮೇಲೆ ಕೂತು, ಒದ್ದೆ ಪ್ಯಾಂಟಿನಲ್ಲಿ,
ಬಸಿಗೆ ಸುರಿದುಕೊಂಡು ಕುಡಿದೆ.

ಕರೆ ಬರಲು ಇನ್ನೂ ಒಂದು ತಾಸಿತ್ತು. ಅಪ್ಪನಿಗೆ ಫೋನು.
ಅವನ ಬೆನ್ನ ಹಿಂದೆ ಹನ್ನೆರಡು ಪವರ್‌ಲೂಮ್,
ಕೂಗಿಯೇ ಮಾತು.
‘ಮನಿ ಹೆಂಗೈತಿ ಬನವ್ವಾ?’
‘ಕುಣಿ ತುಂಬ್ಯಾರಪಾ.’
ಲೂಮುಗಳಷ್ಟೇ ಕೇಳಿದವು ಒಂದಿಷ್ಟು ಹೊತ್ತು.
‘ಮಣ್ಣ ಹಾಕಿ?’
‘ಅಲ್ಲಪಾ, ನೀರ. ಟಾಕಿ ಮಾಡ್ಯಾರ.’
ಮತ್ತೆ ಲೂಮು.
‘ಎಷ್ಟ ಕೊಡ ಹಿಡೀತು?’
‘ನಾ ಹೊತ್ತದ್ದ ಇಪ್ಪತ್ತೇಳು. ಮೊದಲ ಅರ್ಧ ಇತ್ತು.’
ಆ ತುದಿಯಲ್ಲಿ ಗಾಳಿಯಲ್ಲೇ ಗೇಣು ಹಾಕುತ್ತಿರಬೇಕು.
‘ಹಂಗಾರ ಇನ್ನೊಂದ ಮೊಳ ತೋಡ್ಯಾರ,’ ಅಂದ,
‘ನಮ್ಮದು ಅಷ್ಟ ಹಿಡೀತಿದ್ದಿಲ್ಲ.’